ಕೋಲಾರ ಚಿನ್ನದ ಗಣಿ: ಕಾರ್ಮಿಕ ಸಂಘಟನೆ ಹಾಗೂ ಸಮಾಜ ಸುಧಾರಣಾ ಚಳವಳಿ

ಮೈಸೂರು ಸಂಸ್ಥಾನದ ಕಾರ್ಮಿಕ ಚಳವಳಿಯ ಚರಿತ್ರೆಯನ್ನು ನೋಂದಾಯಿತ ಸಂಘಗಳ ಸ್ಥಾಪನೆಯಿಂದ ಆರಂಭಿಸುವ ರೂಢಿಯಿದೆ. ಕೋಲಾರ ಚಿನ್ನದ ಗಣಿಯ ಮಟ್ಟಿಗೆ ಈ ಕ್ರಮ ಸಾಲದು. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯ ಆಡಳಿತದಲ್ಲಿ ಬೆಳೆದ ಈ ಗಣಿಗಳ ಆಳದಲ್ಲಿ ದುಡಿದವರಲ್ಲಿ ಬಹುಪಾಲು ಜನ ತಮಿಳು ಸೀಮೆಯಿಂದ ಬಂದ ಆದಿದ್ರಾವಿಡರು. ಆದ್ದರಿಂದ ಇಲ್ಲಿ ಕೂಲಿಯ ಪ್ರಶ್ನೆಯನ್ನು ಜಾತಿಯ ಪ್ರಶ್ನೆಯಿಂದ ಬೇರ್ಪಡಿಸಿ ನೋಡಲಾಗದು.

ಕಾರ್ಮಿಕ ಸಂಘಕ್ಕಿಂತ ಮೊದಲು ಗಣಿಯ ವಸತಿ ಸಾಲುಗಳನ್ನು ತಲುಪಿದ್ದು ಬೌದ್ಧ ಸಂಘ. 1898ರಲ್ಲಿ ಮದರಾಸಿನಲ್ಲಿ ಶಾಕ್ಯ ಬೌದ್ಧ ಸಂಘವನ್ನು ಸ್ಥಾಪಿಸಿದ ಪಂಡಿತ ಅಯೋತಿದಾಸರ ವಿಚಾರಗಳಿಗೆ ಮಾರಿಕುಪ್ಪಂ, ಚಾಂಪಿಯನ್ ರೀಫ್ಸ್ ಪ್ರದೇಶಗಳು ಮುಖ್ಯ ನೆಲೆಗಳಾದವು. ಅವರ ‘ತಮಿಳನ್’ ಪತ್ರಿಕೆಯನ್ನು 1926ರಿಂದ ಜಿ. ಅಪ್ಪಾದುರೈ ಅವರು ಇಲ್ಲಿಂದಲೇ ಹೊರತಂದರು. ಓದು, ಸಭೆ, ಚರ್ಚೆಗಳ ಈ ಅಭ್ಯಾಸವು ಕಾರ್ಮಿಕರಲ್ಲಿ ಸ್ವಾಭಿಮಾನವನ್ನು ಬೆಳೆಸಿತು.

1930ರ ಮುಷ್ಕರವನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಬೆರಳಚ್ಚು ಪಡೆದು ಕಾರ್ಮಿಕರನ್ನು ನೋಂದಾಯಿಸುವ ಕ್ರಮವನ್ನು ವಿರೋಧಿಸಿ ಸಹಸ್ರಾರು ಮಂದಿ ಕೆಲಸ ನಿಲ್ಲಿಸಿದರು. ಅಪರಾಧಿಗಳಂತೆ ತಮ್ಮನ್ನು ಕಾಣಲಾಗುತ್ತಿದೆ ಎಂಬುದು ಅವರ ಆಕ್ಷೇಪವಾಗಿತ್ತು. ಆಗ ಅವರಿಗೆ ಯಾವ ಮಾನ್ಯತೆ ಪಡೆದ ಕಾರ್ಮಿಕ ಸಂಘವೂ ಇರಲಿಲ್ಲವೆಂಬುದು ಗಮನಾರ್ಹ.

1940ರ ದಶಕದಲ್ಲಿ ಕೆ.ಎಸ್. ವಾಸನ್, ಎಂ.ಸಿ. ನರಸಿಂಹನ್ ಮೊದಲಾದ ಕಮ್ಯುನಿಸ್ಟ್ ಕಾರ್ಯಕರ್ತರು ಸಂಘವನ್ನು ಬಲಪಡಿಸಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಕಾರ್ಮಿಕರು ಬಲಿಯಾದರು. ಆದರೆ ವರ್ಗೈಕ್ಯವನ್ನು ಪ್ರತಿಪಾದಿಸಿದ ಸಂಘಕ್ಕೂ ಜಾತಿಯ ಅವಮಾನವನ್ನು ಮುಂದಿಟ್ಟ ದಲಿತ ಸಂಘಟನೆಗಳಿಗೂ ಸಂಬಂಧ ಸದಾ ಸರಳವಾಗಿರಲಿಲ್ಲ. 1952ರ ಚುನಾವಣೆಯಲ್ಲಿ ಈ ದ್ವಿಸದಸ್ಯ ಕ್ಷೇತ್ರದಿಂದ ಕಮ್ಯುನಿಸ್ಟ್ ಪಕ್ಷದ ವಾಸನ್ ಅವರೂ ಪರಿಶಿಷ್ಟ ಜಾತಿ ಒಕ್ಕೂಟದ ಪಿ.ಎಂ. ಸ್ವಾಮಿದೊರೈ ಅವರೂ ಆಯ್ಕೆಯಾದರು. ಎರಡು ಧಾರೆಗಳೂ ಒಂದೇ ನೆಲದಲ್ಲಿ ಬೇರೂರಿದ್ದವೆಂಬುದಕ್ಕೆ ಇದೇ ಸಾಕ್ಷಿ.

ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ: ಸಂಘವು ಬರಿಯ ನೆಲದಲ್ಲಿ ಹುಟ್ಟಲಿಲ್ಲ, ಸುಧಾರಕರು ಹದಗೊಳಿಸಿದ ನೆಲದಲ್ಲಿ ಬೆಳೆಯಿತು. ಸುಧಾರಕರು ಎತ್ತಿದ ಮಾನದ ಪ್ರಶ್ನೆಗೆ ಸಂಘವು ಕೂಲಿ, ಸುರಕ್ಷತೆಗಳ ಬೇಡಿಕೆಯ ರೂಪವನ್ನೂ ಚೌಕಾಸಿಯ ಬಲವನ್ನೂ ಕೊಟ್ಟಿತು. ಪರಸ್ಪರ ಅಗತ್ಯವನ್ನು ಅರಿತಾಗ ಇಬ್ಬರೂ ಬಲಗೊಂಡರು.

2001ರಲ್ಲಿ ಗಣಿ ಮುಚ್ಚಿದ ಬಳಿಕ ಈ ಚರಿತ್ರೆಯ ಆಕರಗಳು ಚದುರುತ್ತಿವೆ. ಅವುಗಳಲ್ಲಿ ಹೆಚ್ಚಿನವು ತಮಿಳಿನಲ್ಲಿವೆ. ಆ ಕಾರಣಕ್ಕೆ ಕರ್ನಾಟಕದ ಚರಿತ್ರೆಯಿಂದ ಅವು ಹೊರಗುಳಿಯಬಾರದು. ಕಂಪನಿ ಮತ್ತು ಪೊಲೀಸ್ ಕಡತಗಳನ್ನಷ್ಟೇ ನೆಚ್ಚಿದರೆ ದುಡಿದವರ ಮಾತು ನಮಗೆ ಕೇಳಿಸದು.