ಮುಂಬಯಿಯ ಕ್ರೀಡಾಶಾಸನದಲ್ಲಿ ವಿಚಾರಣೆಯ ನ್ಯಾಯ

ಕಾಲೇಜು ಕ್ರೀಡೆಗಳ ಪರಿಚಯವುಳ್ಳ ಮುಂಬಯಿಗರಿಗೆ ಆಕ್ಷೇಪಪತ್ರವೆಂಬುದು ಹೊಸ ಮಾತಲ್ಲ. ಆಝಾದ್ ಮೈದಾನದಲ್ಲಿಯೋ ಕ್ರಾಸ್ ಮೈದಾನದಲ್ಲಿಯೋ ಸೋತ ಪಕ್ಷದವರು, ಗೆದ್ದ ಪಕ್ಷದ ಒಬ್ಬ ಹುಡುಗನು ಆ ಕಾಲೇಜಿನ ವಿದ್ಯಾರ್ಥಿಯೇ ಅಲ್ಲವೆಂದೋ, ವಯಸ್ಸು ಮೀರಿದವನೆಂದೋ ಬರೆದುಕೊಟ್ಟರೆ ಅದರ ತೀರ್ಮಾನಕ್ಕೆ ಒಂದು ಸಮಿತಿ ಕೂಡಬೇಕಾಗುತ್ತದೆ. ನಿಯಮವಿದ್ದಲ್ಲಿ ನಿಯಮಭಂಗವುಂಟು, ಅದನ್ನು ಶೋಧಿಸುವವರೂ ಬೇಕು. ಆದರೆ ಶೋಧಿಸುವವರೇ ನಿಯಮ ತಪ್ಪಿದರೆ ಗತಿಯೇನು? ಈ ಪ್ರಶ್ನೆ ನಮ್ಮ ನಗರದಲ್ಲಿ ನಿಚ್ಚಳವಾಗಿ ಎದ್ದುದು ಕ್ರಿಕೆಟ್ ಮಂಡಳಿಯ ವ್ಯವಹಾರಗಳಲ್ಲಿ. ಅದರ ಮೂಲಕ್ಕೆ 1936ನೆಯ ಇಸವಿಗೆ ಹೋಗಬೇಕು.

ಆ ವರ್ಷ ಇಂಗ್ಲೆಂಡಿಗೆ ಹೋದ ಭಾರತ ತಂಡದ ನಾಯಕರು ವಿಜಯನಗರಂ ಮಹಾರಾಜಕುಮಾರರು. (ನಮ್ಮ ಹಂಪೆಯ ವಿಜಯನಗರವಲ್ಲ, ಆಂಧ್ರದ ವಿಜಯನಗರಂ.) ಇವರ ಕ್ರಿಕೆಟ್ ಪಾಂಡಿತ್ಯವನ್ನು ಅಳೆಯಲು, ಆ ಪ್ರವಾಸದ ಮೂರು ಟೆಸ್ಟುಗಳ ಆರು ಸರದಿಗಳಲ್ಲಿ ಇವರು ಗಳಿಸಿದ ಒಟ್ಟು 33 ಓಟಗಳೇ ಸಾಕು. ತಂಡದಲ್ಲಿದ್ದ ಲಾಲಾ ಅಮರನಾಥರಾದರೋ 1933ರ ಡಿಸೆಂಬರಿನಲ್ಲಿ ಇದೇ ಮುಂಬಯಿಯ ಜಿಮಖಾನಾ ಮೈದಾನದಲ್ಲಿ, ತಮ್ಮ ಮೊದಲ ಟೆಸ್ಟಿನಲ್ಲಿಯೇ 118 ಓಟ ಗಳಿಸಿ, ಭಾರತದ ಪರವಾಗಿ ಟೆಸ್ಟಿನಲ್ಲಿ ಶತಕ ಹೊಡೆದ ಮೊದಲಿಗರೆನಿಸಿದವರು. ಜೂನ್ ತಿಂಗಳಲ್ಲಿ ಲಾರ್ಡ್ಸ್ ಮೈದಾನದಲ್ಲಿ ಮೈನರ್ ಕೌಂಟಿಗಳ ವಿರುದ್ಧ ಪಂದ್ಯ. ಅಮರನಾಥರು ಕಾಲಿಗೆ ಪ್ಯಾಡು ಕಟ್ಟಿಕೊಂಡು ಕಾಯುತ್ತಿದ್ದರೂ ಅವರನ್ನು ಬಿಟ್ಟು ಇತರರನ್ನು ಒಬ್ಬೊಬ್ಬರಾಗಿ ಮುಂದೆ ಕಳುಹಿಸಲಾಯಿತು. ದಿನದಾಟ ಮುಗಿಯಲು ಕೆಲವೇ ನಿಮಿಷಗಳಿರುವಾಗ ಅವರಿಗೆ ಸರದಿ ಬಂದಿತು. ಹಿಂದಿರುಗಿದ ಮೇಲೆ ಅವರು ಪ್ಯಾಡುಗಳನ್ನು ಬಿಸುಟು ಪಂಜಾಬಿಯಲ್ಲಿ ಏನೋ ಗೊಣಗಿದರು. ಅಪರಾಧವೆಂಬುದು ಇಷ್ಟೇ. ವ್ಯವಸ್ಥಾಪಕರಾದ ಮೇಜರ್ ಬ್ರಿಟನ್-ಜೋನ್ಸರೂ ನಾಯಕರೂ ಸೇರಿ, ಮೊದಲ ಟೆಸ್ಟಿಗೆ ಕೆಲವೇ ದಿನಗಳಿರುವಾಗ, ತಂಡದ ಶ್ರೇಷ್ಠ ಆಟಗಾರರಲ್ಲೊಬ್ಬರನ್ನು ಹಡಗು ಹತ್ತಿಸಿ ಸ್ವದೇಶಕ್ಕೆ ಅಟ್ಟಿಬಿಟ್ಟರು. ದೂರಿತ್ತವರು, ಸಾಕ್ಷಿ ಹೇಳಿದವರು, ತೀರ್ಪಿತ್ತವರು ಎಲ್ಲರೂ ಒಬ್ಬರೇ.

ವಿಚಾರಣೆ ನಡೆದುದು ಶಿಕ್ಷೆಯ ತರುವಾಯ. ಆದರೆ ಅದನ್ನು ನಡೆಸಿದ ಸಮಿತಿಗೆ ಅಧ್ಯಕ್ಷರಾದವರು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಸರ್ ಜಾನ್ ಬೋಮಾಂಟರು. 1937ರ ಜನವರಿಯಲ್ಲಿ ಹೊರಬಿದ್ದ ವರದಿ ಅಮರನಾಥರನ್ನು ದೋಷಮುಕ್ತರನ್ನಾಗಿಸಿತಲ್ಲದೆ, ನಾಯಕರಿಗೆ ಕ್ಷೇತ್ರರಕ್ಷಣೆಯ ವಿನ್ಯಾಸವಾಗಲಿ ಬೌಲಿಂಗ್ ಬದಲಾವಣೆಯಾಗಲಿ ತಿಳಿಯದೆಂದೂ, ಬ್ಯಾಟಿಂಗಿನ ಸರದಿಗೆ ಕ್ರಮವೇ ಇರಲಿಲ್ಲವೆಂದೂ ಬರೆಯಿತು. ಆಟಗಾರನ ನಡತೆಯನ್ನು ನೋಡಹೊರಟ ಕಣ್ಣು ಶಿಕ್ಷಿಸಿದವರ ನಡತೆಯ ಮೇಲೂ ಬಿದ್ದುದು ಆ ಕಾಲಕ್ಕೆ ಸಾಮಾನ್ಯ ಸಂಗತಿಯಲ್ಲ. ಆಪಾದಿತರಾದವರು ರಾಜಮನೆತನದವರೆಂಬುದನ್ನು ನೆನೆದರೆ ಬೋಮಾಂಟರ ವರದಿಯ ಬೆಲೆ ಇನ್ನಷ್ಟು ಹೆಚ್ಚುತ್ತದೆ. ಆದರೆ ಕಳೆದುಹೋದುದು ಬರಲಿಲ್ಲ. ಭಾರತ ಮತ್ತೆ ಅಧಿಕೃತ ಟೆಸ್ಟ್ ಆಡಿದುದು 1946ರಲ್ಲಿ. 1934ರ ಫೆಬ್ರುವರಿಯಿಂದ ಹನ್ನೆರಡು ವರ್ಷಕಾಲ ಅಮರನಾಥರಿಗೆ ಒಂದೇ ಒಂದು ಟೆಸ್ಟಿಲ್ಲ. ಮಹಾಯುದ್ಧ ಮಾಡಿದ ನಷ್ಟಕ್ಕೆ ಯಾರೂ ಹೊಣೆಯಲ್ಲ. 1936ರ ಮೂರು ಟೆಸ್ಟುಗಳ ನಷ್ಟ ಮಾತ್ರ ಆ ಇಬ್ಬರದು.

ಈ ಪಾಠವನ್ನು ಮಂಡಳಿ ಕಲಿಯಿತೆ? 1949ರಲ್ಲಿ ಅದೇ ಅಮರನಾಥರನ್ನು, ಈಗ ಭಾರತ ತಂಡದ ನಾಯಕರಾಗಿದ್ದವರನ್ನು, ಸತತ ದುರ್ವರ್ತನೆ ಮತ್ತು ಶಿಸ್ತುಭಂಗದ ಹೆಸರಿನಲ್ಲಿ ಮಂಡಳಿ ಅಮಾನತುಗೊಳಿಸಿತು. ಅಧ್ಯಕ್ಷರು ಆಂಟನಿ ಡಿಮೆಲೊ. ಮುಂಬಯಿಯ ಬ್ರೆಬೋರ್ನ್ ಕ್ರೀಡಾಂಗಣದ ನಿರ್ಮಾಣಕ್ಕೆ ಹೆಗಲು ಕೊಟ್ಟ ಸಮರ್ಥರು, ಅಷ್ಟೇ ಹಟಮಾರಿಗಳು. ತಮಗೆ ಉತ್ತರಿಸುವ ಅವಕಾಶವನ್ನೇ ಕೊಡಲಿಲ್ಲವೆಂಬುದು ಅಮರನಾಥರ ದೂರು. ಡಿಮೆಲೊ ಅವರು 23 ಆರೋಪಗಳ ಪಟ್ಟಿಯನ್ನು ಹೊರಡಿಸಿದರೆ, ಅಮರನಾಥರು 39 ಪುಟಗಳ ಉತ್ತರವನ್ನು ಹೊರಡಿಸಿದರು. ನ್ಯಾಯಪೀಠದ ಮುಂದೆ ಆಗಬೇಕಾದ ವಾದ ಪತ್ರಿಕೆಗಳ ಅಂಕಣಗಳಲ್ಲಾಯಿತು. ಈ ಸಲ ಬೋಮಾಂಟರಂಥವರು ಯಾರೂ ಇರಲಿಲ್ಲ. ಸತ್ಯಾಸತ್ಯದ ನಿರ್ಣಯವಾಗದೆಯೇ ನಿಷೇಧ ತೆರವಾಯಿತು. 1952ರಲ್ಲಿ ಪಾಕಿಸ್ತಾನದ ವಿರುದ್ಧ ಮತ್ತೆ ನಾಯಕರಾಗಿ ಅಮರನಾಥರು ಸರಣಿಯನ್ನು ಗೆದ್ದುಕೊಟ್ಟರು.

ಶಾಸನದ ಕೈ ಯಾವಾಗಲೂ ಕೆಳಮುಖವಾಗಿಯೇ ಚಾಚುತ್ತದೆಯೆ ಎಂಬ ಸಂದೇಹ ಇಲ್ಲಿ ಸಹಜ. ಧಾರವಾಡದಲ್ಲಿ ಜನಿಸಿದ ಪಾಲ್ವಣಕರ ಬಾಳೂ ಅವರಿಗೆ, ಹಿಂದೂ ತಂಡದ ಶ್ರೇಷ್ಠ ಬೌಲರಾಗಿದ್ದರೂ, ದಲಿತರೆಂಬ ಕಾರಣದಿಂದ ನಾಯಕತ್ವ ತಪ್ಪುತ್ತಲೇ ಬಂದುದನ್ನು ಮುಂಬಯಿ ಕಣ್ಣಾರೆ ಕಂಡಿದೆ. 1923ರಲ್ಲಿ ತಮ್ಮನಾದ ವಿಠ್ಠಲರಿಗೆ ಅದು ದೊರೆಯಿತು. ಆಯ್ಕೆಗಾರರ ನಡತೆಯನ್ನು ವಿಚಾರಿಸಲು ಸಮಿತಿಯೊಂದು ಕೂಡಲಿಲ್ಲ.

2013ರ ಪ್ರಕರಣ ಇನ್ನೂ ಹಸಿಯಾಗಿದೆ. ಮೇ ತಿಂಗಳಲ್ಲಿ ವಾಂಖೇಡೆಯ ಪಂದ್ಯ ಮುಗಿದ ರಾತ್ರಿಯೇ ರಾಜಸ್ಥಾನ ತಂಡದ ಮೂವರನ್ನು ದೆಹಲಿ ಪೊಲೀಸರು ಮುಂಬಯಿಯಲ್ಲಿ ಬಂಧಿಸಿದರು. ಬಳಿಕ ಪಣದ ಆರೋಪದ ಮೇಲೆ ಮುಂಬಯಿ ಪೊಲೀಸರು ಬಂಧಿಸಿದ ಗುರುನಾಥ ಮೈಯಪ್ಪನ್ ಅವರು ಮಂಡಳಿಯ ಅಧ್ಯಕ್ಷರ ಅಳಿಯ. ಚೆನ್ನೈ ತಂಡ ಅಧ್ಯಕ್ಷರ ಕಂಪನಿಯದು. ಮಂಡಳಿ ನೇಮಿಸಿದ ಇಬ್ಬರು ನಿವೃತ್ತ ನ್ಯಾಯಾಧೀಶರ ಸಮಿತಿ, ತಪ್ಪು ನಡೆದುದಕ್ಕೆ ಸಾಕ್ಷ್ಯವಿಲ್ಲವೆಂದು ಜುಲೈ 28ರಂದು ವರದಿಯಿತ್ತಿತು. ಎರಡೇ ದಿನಗಳಲ್ಲಿ ಮುಂಬಯಿ ಹೈಕೋರ್ಟು ಆ ಸಮಿತಿಯ ರಚನೆಯೇ ಕಾನೂನುಬಾಹಿರವೆಂದು ತೀರ್ಪಿತ್ತಿತು: ಮಂಡಳಿ ತನ್ನದೇ ನಿಯಮಗಳಂತೆ ಅದನ್ನು ರಚಿಸಿರಲಿಲ್ಲ. ಸುಪ್ರೀಂ ಕೋರ್ಟು ನೇಮಿಸಿದ ಮುದ್ಗಲ್ ಸಮಿತಿ 2014ರಲ್ಲಿ ಮೈಯಪ್ಪನ್ ಅವರು ಪಣದಲ್ಲಿ ತೊಡಗಿದ್ದರೆಂದು ಕಂಡುಕೊಂಡಿತು.

ಕಾಲೇಜು ಕ್ರೀಡೆಯ ಮಾತಿಗೆ ಮರಳಿದರೆ, ಇದಕ್ಕೆ ಸಂವಾದಿಯಾದ ಅಮೆರಿಕದ ಒಂದು ಪ್ರಕರಣ ನೆನಪಾಗುತ್ತದೆ. 1977ರಲ್ಲಿ ಅಲ್ಲಿಯ ಕಾಲೇಜು ಕ್ರೀಡಾಸಂಸ್ಥೆಯಾದ ಎನ್‌ಸಿಎಎ, ನೆವಾಡಾ ವಿಶ್ವವಿದ್ಯಾಲಯದ ಲಾಸ್ ವೇಗಸ್ ಶಾಖೆಯ ಬಾಸ್ಕೆಟ್‌ಬಾಲ್ ಶಿಕ್ಷಕ ಜೆರಿ ಟಾರ್ಕೇನಿಯನ್ನರನ್ನು ತಂಡದಿಂದ ದೂರವಿಡುವಂತೆ ವಿಶ್ವವಿದ್ಯಾಲಯಕ್ಕೆ ಸೂಚಿಸಿತು. ಆರೋಪಗಳ ಸಾಕ್ಷ್ಯ ಸಂದೇಹಾಸ್ಪದವೆಂದು ವಿಶ್ವವಿದ್ಯಾಲಯದ ಅಧಿಕಾರಿಗೇ ಕಂಡರೂ, ಸಂಸ್ಥೆಯನ್ನು ಬಿಟ್ಟು ಹೊರಬರಲಾರದೆ ವಿಶ್ವವಿದ್ಯಾಲಯ ತಲೆಬಾಗಲು ನಿರ್ಧರಿಸಿತು. 1988ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಐವರು ನಾಲ್ವರ ಬಹುಮತದಿಂದ, ಎನ್‌ಸಿಎಎ ಸರಕಾರದ ಅಂಗವಲ್ಲವಾದುದರಿಂದ ಸಂವಿಧಾನದ ನ್ಯಾಯಕ್ರಮಕ್ಕೆ ಅದು ಬದ್ಧವಲ್ಲವೆಂದಿತು. ನಮ್ಮ ಸುಪ್ರೀಂ ಕೋರ್ಟು 2015ರ ಜನವರಿಯಲ್ಲಿ ಹಿಡಿದ ದಾರಿ ಬೇರೆ: ಕ್ರಿಕೆಟ್ ಮಂಡಳಿ ಸಾರ್ವಜನಿಕ ಕಾರ್ಯ ಮಾಡುವುದರಿಂದ ಹೈಕೋರ್ಟಿನ ರಿಟ್ ಅಧಿಕಾರಕ್ಕೆ ಒಳಪಟ್ಟದ್ದು. ಈ ವಿಷಯದಲ್ಲಿ ನಮ್ಮ ನ್ಯಾಯಶಾಸ್ತ್ರವೇ ಮುಂದಿದೆಯೆಂದು ನನ್ನ ಅಭಿಪ್ರಾಯ.

ಶಾಸನದಿಂದಲೇ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾಲಯದ ವಿಷಯದಲ್ಲಿ ಆ ಸಂದೇಹಕ್ಕೂ ಎಡೆಯಿಲ್ಲ. ಆಕ್ಷೇಪಪತ್ರಕ್ಕೆ ಬಲಿಯಾದ ಹುಡುಗ ಹೈಕೋರ್ಟಿನ ಮೆಟ್ಟಿಲು ಹತ್ತಬಹುದು. ಆದರೆ ಪಂದ್ಯಾವಳಿ ಮುಗಿಯುವುದು ಕೆಲವು ದಿನಗಳಲ್ಲಿ, ಅವನ ಕಾಲೇಜು ಮುಗಿಯುವುದು ಆ ಬೇಸಗೆಯಲ್ಲಿ. ಟಾರ್ಕೇನಿಯನ್ನರೊಡನೆ ಎನ್‌ಸಿಎಎ ಇಪ್ಪತ್ತೈದು ಲಕ್ಷ ಡಾಲರು ಕೊಟ್ಟು ರಾಜಿಯಾದುದು 1998ರಲ್ಲಿ. ಅಷ್ಟು ಹೊತ್ತಿಗೆ ಇಪ್ಪತ್ತೊಂದು ವರ್ಷಗಳು ಸಂದಿದ್ದವು.