ಗೋಡೆಯಿಲ್ಲದ ವ್ಯಾಗನ್ನಿನ ಕಥೆ

ಗೂಡ್ಸ್ ರೈಲು ಹಾದುಹೋಗುವಾಗ ವ್ಯಾಗನ್‌ಗಳನ್ನು ಎಣಿಸಿದ್ದೀರಲ್ಲವೇ? ಅವುಗಳಲ್ಲಿ ಗೋಡೆ, ಚಾವಣಿ ಯಾವುದೂ ಇಲ್ಲದ, ಗಾಲಿಗಳ ಮೇಲೆ ಬರೀ ಹಾಸು ಇರುವ ಒಂದು ಬಗೆಯಿದೆ. ಅದೇ ಫ್ಲ್ಯಾಟ್ ವ್ಯಾಗನ್. ನೋಡಲು ಏನೂ ವಿಶೇಷವಿಲ್ಲ. ಆದರೆ ಅದಕ್ಕೆ ಸರಕು ಏರಿಸುವ ಒಂದು ಉಪಾಯ ಸರ್ಕಸ್ಸಿನಲ್ಲಿ ರೂಪುಗೊಂಡಿತೆಂದರೆ ನಂಬುತ್ತೀರಾ?

1872ರಲ್ಲಿ ಅಮೆರಿಕದ ಬಾರ್ನಮ್ ಸರ್ಕಸ್ ರೈಲು ಹತ್ತಿತು. ಪ್ರಾಣಿಗಳ ಬೋನು, ಡೇರೆ, ಸಾಮಾನು ತುಂಬಿದ ಬಂಡಿಗಳನ್ನು ಒಂದೊಂದಾಗಿ ಪಕ್ಕದಿಂದ ಎತ್ತಿಡುತ್ತ ಕುಳಿತರೆ ಮರುದಿನದ ಊರಿನಲ್ಲಿ ಆಟವೇ ಇಲ್ಲ! ಬಾರ್ನಮ್‌ನ ಪಾಲುದಾರ ವಿಲಿಯಂ ಕೂಪ್ ರೈಲಿನ ತುದಿಗೆ ಇಳಿಜಾರು ಹಲಗೆ ಇಡಿಸಿದ. ವ್ಯಾಗನ್‌ಗಳ ನಡುವಿನ ಸಂದಿಗಳನ್ನು ತಗಡಿನಿಂದ ಮುಚ್ಚಿಸಿದ. ಇಡೀ ರೈಲು ಒಂದು ಉದ್ದನೆಯ ಓಣಿಯಾಯಿತು. ಬಂಡಿಗಳಿಗೆ ಹಗ್ಗ ಕಟ್ಟಿ ಕುದುರೆಗಳಿಂದ ಸಾಲಾಗಿ ಎಳೆಸಿದರಾಯಿತು. ಇಳಿಜಾರನ್ನು ಪಾಠ ಮಾಡುವ ಶಿಕ್ಷಕರಿಗೆ ಇದಕ್ಕಿಂತ ಸೊಗಸಾದ ಉದಾಹರಣೆ ಸಿಗಲಾರದು.

1950ರ ದಶಕದಲ್ಲಿ ಲಾರಿಗಳ ಪೈಪೋಟಿಗೆ ಸಿಕ್ಕ ಅಮೆರಿಕದ ರೈಲ್ವೆಗಳು ಲಾರಿಯ ಟ್ರೈಲರ್‌ಗಳನ್ನೇ ಹೀಗೆ ಏರಿಸಿದವು. ಆ ವಿಧಾನಕ್ಕೆ 'ಸರ್ಕಸ್ ಲೋಡಿಂಗ್' ಎಂದೇ ಹೆಸರು. ನಮ್ಮಲ್ಲಿ ಕೊಂಕಣ ರೈಲ್ವೆ 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್‌ನಿಂದ ಗೋವಾದ ವೆರ್ಣಾಕ್ಕೆ 'ರೋ-ರೋ' ಸೇವೆ ಆರಂಭಿಸಿತು. ಮುಂದೆ ಅದು ಸುರತ್ಕಲ್‌ವರೆಗೂ ಬಂತು. ಸರಕು ಸಮೇತ ಲಾರಿ ರೈಲಿನ ಮೇಲೆ, ಚಾಲಕ ಲಾರಿಯೊಳಗೆ! ತಿರುವುಗಳ ಹೆದ್ದಾರಿಯಲ್ಲಿ ಸುಡಬೇಕಾದ ಡೀಸೆಲ್ ಉಳಿಯಿತು, ಚಾಲಕನಿಗೆ ವಿಶ್ರಾಂತಿಯೂ ಸಿಕ್ಕಿತು.

ಇಲ್ಲೊಂದು ತೊಡಕಿದೆ. ಲಾರಿಯ ಎಂಜಿನ್, ಚಾಸಿಸ್, ಟೈರುಗಳ ತೂಕವನ್ನೂ ರೈಲು ಸುಮ್ಮನೆ ಹೊರಬೇಕು. ಗಾಲಿಗಳನ್ನು ಬಿಟ್ಟು ಪೆಟ್ಟಿಗೆಯನ್ನಷ್ಟೇ ಒಯ್ದರೆ? ಅದೇ ಕಂಟೇನರ್. ಪೆಟ್ಟಿಗೆಯ ಮೇಲೆ ಪೆಟ್ಟಿಗೆ ಇಡಬಹುದು ಎಂಬುದು ಅದರ ಇನ್ನೊಂದು ಲಾಭ.

ಆದರೆ ಎತ್ತರ? ಲೆಕ್ಕ ಮಾಡಿ ನೋಡಿ. ಸಾಮಾನ್ಯ ಕಂಟೇನರಿನ ಎತ್ತರ ಸುಮಾರು 2.6 ಮೀಟರ್, ಎರಡಕ್ಕೆ 5.2. ವ್ಯಾಗನ್ನಿನ ಹಾಸು ನೆಲದಿಂದ ಸುಮಾರು 1 ಮೀಟರ್ ಮೇಲಿದೆ. ಒಟ್ಟು 6.2 ಮೀಟರ್. ನಮ್ಮ ವಿದ್ಯುತ್ ತಂತಿ ಸಾಮಾನ್ಯವಾಗಿ ಇರುವುದು ಸುಮಾರು 5.5 ಮೀಟರ್ ಎತ್ತರದಲ್ಲಿ! ಸೇತುವೆ, ಸುರಂಗಗಳ ತೊಡಕಿದ್ದ ಅಮೆರಿಕದವರು 1977ರಿಂದ ಹಾಸನ್ನೇ ಗಾಲಿಗಳ ನಡುವೆ ಬಾವಿಯಂತೆ ಕೆಳಗಿಳಿಸಿದರು. ನಾವು ಫ್ಲ್ಯಾಟ್ ವ್ಯಾಗನ್ನನ್ನೇ ಉಳಿಸಿಕೊಂಡು ತಂತಿಯನ್ನು ಮೇಲೇರಿಸಿದೆವು. 2020ರ ಜೂನ್‌ನಲ್ಲಿ ಗುಜರಾತಿನ ಪಾಲನ್‌ಪುರ್–ಬೋಟಾದ್ ನಡುವೆ 7.57 ಮೀಟರ್ ಎತ್ತರದ ತಂತಿಯ ಕೆಳಗೆ ಎರಡಂತಸ್ತಿನ ಕಂಟೇನರ್ ರೈಲು ಓಡಿತು. ಅಷ್ಟೆತ್ತರ ತಲುಪಲು ಎಂಜಿನ್ನಿನ ಪ್ಯಾಂಟೊಗ್ರಾಫನ್ನೂ ಉದ್ದ ಮಾಡಬೇಕಾಯಿತು.