ಕೌದಿ: ಹರಿದ ಸೀರೆಯಿಂದ ಹುಟ್ಟಿದ ಕಲೆ, ಹೊಲಿದವಳ ಹೆಸರು ಮಾತ್ರ ಇಲ್ಲ

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವ ಭಾಗದಲ್ಲಿರುವ ಜತ್ತ ತಾಲೂಕು ನಮ್ಮ ವಿಜಯಪುರ, ಬೆಳಗಾವಿ ಜಿಲ್ಲೆಗಳಿಗೆ ತಾಗಿಕೊಂಡಿದೆ. ಮಳೆ ಕಡಿಮೆ, ಬರ ಜಾಸ್ತಿ. ಅಲ್ಲಿನ ಅನೇಕ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಹಾಸಲು, ಹೊದೆಯಲು ಬಳಸುವ ದಪ್ಪ ಬಟ್ಟೆಗೂ ಆ ಗಡಿಯಲ್ಲಿ ಎರಡು ಭಾಷೆಯ ಹೆಸರಿದೆ. ಕನ್ನಡದವರಿಗೆ ಅದು ಕೌದಿ, ಮರಾಠಿಯವರಿಗೆ ಗೋಧಡಿ ಅಥವಾ ವಾಕಳ. ಹೆಸರು ಯಾವುದೇ ಇರಲಿ, ಹೊಲಿಯುವವರು ಮನೆಯ ಹೆಣ್ಣುಮಕ್ಕಳೇ.

ಕೌದಿ ತಯಾರಾಗುವುದು ಹೇಗೆ?

ಉಟ್ಟು ಸವೆದ ನೂಲಿನ ಸೀರೆ, ಧೋತರ, ಮಕ್ಕಳ ಅಂಗಿ, ಕುಬಸದ ತುಂಡು ಯಾವುದನ್ನೂ ಬಿಸಾಡುವುದಿಲ್ಲ. ತೊಳೆದು ಗಂಟು ಕಟ್ಟಿ ಇಡುತ್ತಾರೆ. ಸಾಕಷ್ಟು ಸೇರಿದ ಮೇಲೆ ಅಗಲವಾದ ಸೀರೆ ಹಾಸಿ, ಅದರ ಮೇಲೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಹರಡುತ್ತಾರೆ. ಮೇಲ್ಭಾಗಕ್ಕೆ ಬಣ್ಣದ ತುಂಡುಗಳನ್ನು ಜೋಡಿಸುತ್ತಾರೆ. ಆಮೇಲೆ ದಪ್ಪ ನೂಲಿನಲ್ಲಿ ಸಾಲು ಸಾಲು ಹೊಲಿಗೆ. ಯಾವ ಬಣ್ಣದ ಪಕ್ಕ ಯಾವುದು ಬರಬೇಕು ಅನ್ನುವುದಕ್ಕೆ ನಕ್ಷೆ ಇಲ್ಲ, ಹೊಲಿಯುವವಳ ಕಣ್ಣೇ ಅಳತೆ. ಬಿಡುವಿದ್ದಾಗ ಅಕ್ಕಪಕ್ಕದ ಹೆಂಗಸರೂ ಬಂದು ಕೈಜೋಡಿಸುವುದುಂಟು. ಕೆಲವೆಡೆ ಕೂಲಿಗೆ ಹೊಲಿದುಕೊಡುವ ಮಹಿಳೆಯರೂ ಇದ್ದಾರೆ.

‘ಫೆಮೇಜ್’ ಅಂದರೆ ಏನು?

ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವುದಕ್ಕೆ ಕಲಾಲೋಕದಲ್ಲಿ ಕೊಲಾಜ್ ಎನ್ನುತ್ತಾರೆ. 1912ರ ಸುಮಾರಿಗೆ ಪಿಕಾಸೊ ಮತ್ತು ಬ್ರಾಕ್ ಇದನ್ನು ಶುರು ಮಾಡಿದರು ಅಂತ ಕಲಾ ಇತಿಹಾಸದ ಪುಸ್ತಕಗಳು ಹೇಳುತ್ತವೆ. ಅಮೆರಿಕದಲ್ಲಿ ನೆಲೆಸಿದ್ದ ಕಲಾವಿದೆ ಮಿರಿಯಂ ಶಪಿರೊ (1923–2015) ಈ ಮಾತನ್ನು ಒಪ್ಪಲಿಲ್ಲ. ಮನೆಯಲ್ಲಿ ಕೂತ ಹೆಂಗಸರು ಅದಕ್ಕೂ ಎಷ್ಟೋ ಮೊದಲಿಂದ ಇದನ್ನೇ ಮಾಡುತ್ತಿದ್ದರಲ್ಲ, ಅವರನ್ನು ಯಾಕೆ ಲೆಕ್ಕಕ್ಕೆ ಹಿಡಿಯಲಿಲ್ಲ ಎಂಬುದು ಆಕೆಯ ಪ್ರಶ್ನೆ.

1977–78ರಲ್ಲಿ ‘ಹೆರಿಸೀಸ್’ ಎಂಬ ಸ್ತ್ರೀವಾದಿ ಪತ್ರಿಕೆಯಲ್ಲಿ ಶಪಿರೊ ಮತ್ತು ಮೆಲಿಸ್ಸಾ ಮೇಯರ್ ಸೇರಿ ಒಂದು ಲೇಖನ ಬರೆದರು. ಹೆಣ್ಣುಮಕ್ಕಳ ಇಂಥ ಜೋಡಣೆ ಕಲೆಗೆ ಅವರಿಟ್ಟ ಹೆಸರು ‘ಫೆಮೇಜ್’. ಗುರುತಿಸಲು 14 ಲಕ್ಷಣಗಳನ್ನೂ ಪಟ್ಟಿ ಮಾಡಿದರು. ಅರ್ಧದಷ್ಟು ಹೊಂದಿದರೆ ಸಾಕು. ಮಾಡಿದವಳು ಹೆಣ್ಣಾಗಿರಬೇಕು, ಕೂಡಿಟ್ಟ ಸಾಮಾನಿರಬೇಕು, ಚೂರುಪಾರು ಮರುಬಳಕೆ ಆಗಬೇಕು, ನೋಡಲು ಚೆಂದ ಇರುವುದರ ಜೊತೆ ಬಳಕೆಗೂ ಬರಬೇಕು ಎಂಬವು ಅದರಲ್ಲಿವೆ. ಜತ್ತದ ಕೌದಿಗೆ ಈ ನಾಲ್ಕೂ ಒಪ್ಪುತ್ತವೆ. ಶಪಿರೊ ತಮ್ಮ ದೊಡ್ಡ ದೊಡ್ಡ ಚಿತ್ರಗಳಲ್ಲಿ ಕರವಸ್ತ್ರ, ಲೇಸು, ಏಪ್ರನ್‌ಗಳನ್ನೇ ಅಂಟಿಸಿ, ಅಡುಗೆಮನೆಯ ಬಟ್ಟೆಯನ್ನು ಗ್ಯಾಲರಿಯ ಗೋಡೆಗೆ ತಂದರು.

ಸಿದ್ದಿಯರ ಕವಂದಿ

ಕರ್ನಾಟಕದಲ್ಲೇ ಇದಕ್ಕೊಂದು ಉದಾಹರಣೆಯಿದೆ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿಯರು ಆಫ್ರಿಕ ಮೂಲದವರು. ಅವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ. ಸಿದ್ದಿ ಮಹಿಳೆಯರ ಕವಂದಿಯ ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತುತ್ತಾ ನಡುವಿಗೆ ಬರುತ್ತದೆ. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ ‘ಫುಲಾ’, ಅಂದರೆ ಹೂವು ಇರಬೇಕು. ಅದಿಲ್ಲದಿದ್ದರೆ ಕವಂದಿ ಬೆತ್ತಲೆ ಅನ್ನುತ್ತಾರೆ. ಕೆಲವರು ಅರ್ಧಚಂದ್ರ, ಕೆಲವರು ಶಿಲುಬೆ ಹೊಲಿಯುತ್ತಾರೆ. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕ್‌ನ ಷೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಮನೆಯ ಮಂಚದಿಂದ ಅಷ್ಟು ದೂರ ಹೋಗಲು ಕವಂದಿ ಬದಲಾಗಬೇಕಾಗಿ ಬರಲಿಲ್ಲ. ನೋಡುವವರ ಕಣ್ಣು ಬದಲಾಯಿತು, ಅಷ್ಟೇ.

ಲೆಕ್ಕಕ್ಕೆ ಸಿಗದ ದುಡಿಮೆ

ನಮ್ಮ ಕರಾವಳಿಯಲ್ಲಿ ಉಮ್ಮಂದಿರು ಮನೆಯಲ್ಲೇ ಕೂತು ಬೀಡಿ ಕಟ್ಟಿ ಸಂಸಾರ ಸಾಗಿಸಿದ್ದು ಎಲ್ಲರಿಗೂ ಗೊತ್ತು. ಅದಕ್ಕೆ ಸಾವಿರಕ್ಕೆ ಇಷ್ಟು ಅಂತ ಮಜೂರಿ ಇತ್ತು, ಪಾಸ್ ಪುಸ್ತಕದಲ್ಲಿ ಹೆಸರಿತ್ತು. ಮನೆಯವರಿಗಾಗಿ ಹೊಲಿದ ಕೌದಿಗೆ ಮಜೂರಿಯೂ ಇಲ್ಲ, ಹೆಸರೂ ಇಲ್ಲ. ತಿಂಗಳುಗಟ್ಟಲೆ ಹೊಲಿದರೂ ‘ಸುಮ್ಮನೆ ಕೂತಿದ್ಲು’ ಅನ್ನುವ ಮಾತೇ ಹೆಚ್ಚು. ಈಗಂತೂ ಅಂಗಡಿಯ ಪಾಲಿಯೆಸ್ಟರ್ ಕಂಬಳಿ ಅಗ್ಗ, ಉಡುವುದೂ ಸಿಂಥೆಟಿಕ್ ಸೀರೆ. ಅದು ಜಾರುತ್ತದೆ, ಬೆವರು ಹೀರುವುದಿಲ್ಲ, ಕೌದಿಗೆ ನೂಲಿನ ಬಟ್ಟೆಯಷ್ಟು ಒಗ್ಗುವುದಿಲ್ಲ. ಬಟ್ಟೆಯ ಜೊತೆ ಕೈಯ ಕಸುಬೂ ಹೋಗುತ್ತಿದೆ.

ಯುವಕ ಯುವತಿಯರು ಮಾಡಬಹುದಾದ ಕೆಲಸ ಸಣ್ಣದು. ಮನೆಯಲ್ಲಿ ಹಿರಿಯರು ಹೊಲಿದ, ಹೆಣೆದ, ಕಸೂತಿ ಹಾಕಿದ ವಸ್ತು ಯಾವುದಿದ್ದರೂ ಫೋಟೋ ತೆಗೆಯಿರಿ. ಹೊಲಿದವರು ಯಾರು, ಯಾವ ವರ್ಷ, ಯಾರ ಬಟ್ಟೆ, ಯಾರಿಗಾಗಿ ಅಂತ ಕೇಳಿ ಬರೆದಿಡಿ. ಸಾಧ್ಯವಾದರೆ ಒಂದು ಚೂರು ಬಟ್ಟೆಯಲ್ಲಿ ಅವರ ಹೆಸರು ಬರೆದು ಹಿಂಬದಿಗೆ ಹೊಲಿಯಿರಿ. ಹೇಳುವವರು ಇರುವಾಗಲೇ ಇದನ್ನು ಮಾಡಬೇಕು. ಬಟ್ಟೆ ಉಳಿದು ಹೆಸರು ಅಳಿದರೆ ಮುಂದಿನವರಿಗೆ ಅದು ಹಳೆ ಕೌದಿ ಮಾತ್ರ.